ಮಾವನವರು ಮೆಚ್ಚಿದ ಸಾಣೆಯಂತ್ರ

‘ಕೈಯಿಂದ ಏನೂ ಆಗದ ಅಳಿಯ’ ಎಂಬ ಹಣೆಪಟ್ಟಿಯನ್ನು ಕಿತ್ತೆಸೆದೇ ತೀರುತ್ತೇನೆಂದು ೨೦೦೪ರ ಆ ಬೇಸಿಗೆಯಲ್ಲಿ ಪಣ ತೊಟ್ಟೆ! ಅದನ್ನು ಅಂಟಿಸಿದವರು ಅಂಕೋಲೆಯ ನನ್ನ ಮಾವ ಬಾಬು ಹರಿಕಂತ್ರ. ದೋಣಿ, ಬಲೆ ಎಂದೇ ಬೆಳೆದವರು. ನಾನೋ, ಮಲ್ಲಾಪುರದಲ್ಲಿ ಕೂತು ಫೈಲು ತಿರುವುವ ಗುಮಾಸ್ತ.

ಅಂಕೋಲೆಯ ಗುಜರಿ ಅಂಗಡಿಯಲ್ಲಿ ಹಳೇ ಕಾಲದ ಬೆಂಚ್ ಗ್ರೈಂಡರ್ ಸಿಕ್ಕಿತು. ಕತ್ತಿ, ಕುಡುಗೋಲು ಸಾಣೆ ಹಿಡಿಯುವ ಕರೆಂಟಿನ ಯಂತ್ರ. ಕ್ವಾರ್ಟರ್ಸಿನ ಹಿಂದಿನ ಜಗಲಿಯನ್ನೇ ವರ್ಕ್‌ಶಾಪ್ ಎಂದು ಘೋಷಿಸಿದೆ. ಸೀಮೆಎಣ್ಣೆಯಲ್ಲಿ ತುಕ್ಕು ತೊಳೆದು, ಬೇರಿಂಗ್ ಬದಲಿಸಿ, ಹೊಸ ಕಲ್ಲು ಕೂರಿಸಿ, ಹಸಿರು ಬಣ್ಣ ಬಳಿದೆ. ಅಡುಗೆಮನೆಯ ಸೀಮೆಎಣ್ಣೆ ಖಾಲಿಯಾದಾಗ ಹೆಂಡತಿ ವೈಜಯಂತಿ ಆಡಿದ ಮಾತು ಇಲ್ಲಿ ಬೇಡ.

ಭಾನುವಾರ ಮಾವ ಬಂಗಡೆ ಮೀನು ಹಿಡಿದುಕೊಂಡು ಊಟಕ್ಕೆ ಬರುವವರಿದ್ದರು. ಮಗಳ ಈಳಿಗೆ ನೋಡಿ, ಹರಿತ ಮಾಡಿದ್ದು ಯಾರೆಂದು ಅವರು ಕೇಳಬೇಕು! ಅಂದು ಬೆಳಿಗ್ಗೆ ವೈಜಯಂತಿ ಸ್ನಾನಕ್ಕೆ ಹೋದದ್ದೇ ತಡ, ಈಳಿಗೆಯ ಅಲಗನ್ನು ಮಣೆಯಿಂದ ಬಿಡಿಸಿ ತಂದೆ.

ಸ್ವಿಚ್ ಒತ್ತಿದೆ. ಗುಂಯ್ ಎಂದು ಕಲ್ಲು ತಿರುಗಿತು. ಕಾಳಿ ನದಿಯ ಕಡೆಯಿಂದ ತಣ್ಣನೆ ಗಾಳಿ. ಕಿಡಿಗಳು ಹೂವಿನಂತೆ ಉದುರುತ್ತಿದ್ದವು. ಹಾಗೇ ಕಣ್ಣು ಅರೆಮುಚ್ಚಿತು. ಕಾರವಾರದ ಪೇಟೆಯಲ್ಲಿ ನನ್ನದೇ ಅಂಗಡಿ. ದೂರದ ಕಿನ್ನರ ಹಳ್ಳಿಯಿಂದಲೂ ಕುಡುಗೋಲು ಹಿಡಿದು ಬಂದವರ ಸಾಲು. ಗಲ್ಲಾಪೆಟ್ಟಿಗೆಯ ಪಕ್ಕ ಕೂತ ಮಾವ ಬಂದವರಿಗೆಲ್ಲ ‘ಇವರು ನಮ್ಮ ಅಳಿಯಂದಿರು’ ಎನ್ನುತ್ತಿದ್ದಾರೆ... ಕನಸು ಮುಂದುವರಿಯಿತು. ಕೈಯೂ ಮುಂದುವರಿಯಿತು.

ಕಣ್ಣು ಬಿಟ್ಟಾಗ ಎದುರಿಗೆ ವೈಜಯಂತಿ. ಅಲಗು ಹರಿತವಾಗಿತ್ತು, ಸುಳ್ಳಲ್ಲ. ಆದರೆ ಅದರ ತುದಿಯಲ್ಲಿ ತೆಂಗಿನಕಾಯಿ ತುರಿಯುವ ಹಲ್ಲುಗಳಿದ್ದವಲ್ಲ, ಒಂದೂ ಉಳಿದಿರಲಿಲ್ಲ. ನುಣ್ಣಗೆ ಫಳಫಳ!

“ಕಾಯಿ ಈಗ ನಿಮ್ಮ ತಲೆ ಮೇಲೆ ತುರೀಲಾ?” ಎಂದಳು.

ಕಾಯಿಯಿಲ್ಲದೆ ಮೀನುಸಾರು ಎಲ್ಲಿಂದ ಬರಬೇಕು? ಮಾವ ಬಂದ ಕೂಡಲೇ ಮಗಳು ಎಲ್ಲ ವರದಿ ಒಪ್ಪಿಸಿದಳು. ಹುರಿದ ಬಂಗಡೆಯಲ್ಲೇ ಊಟ ಮುಗಿಸಿದ ಮಾವ, ನೇರ ಜಗಲಿಗೆ ನಡೆದರು. ಗ್ರೈಂಡರಿನ ಸುತ್ತ ಬಂದರು. ತಟ್ಟಿದರು. ಎರಡೂ ಕೈಯಲ್ಲಿ ಎತ್ತಿ ನೋಡಿದರು.

“ಒಳ್ಳೆ ಮಾಲು ಅಳಿಯಾ. ಬಣ್ಣನೂ ಗಟ್ಟಿ ಬಳ್ದೀರಿ, ಬೇಗ ತುಕ್ಕು ಹಿಡಿಯೂದಿಲ್ಲ.”

ಅಬ್ಬಾ, ಕಡೆಗೂ ಮೆಚ್ಚಿಕೊಂಡರು! ಉಬ್ಬಿಹೋದ ನಾನು, ಬೇಕಾದರೆ ನೀವೇ ಇಟ್ಟುಕೊಳ್ಳಿ ಎಂದು ಧಾರಾಳವಾಗಿ ಹೇಳಿಬಿಟ್ಟೆ.

“ಅಡ್ಡಿಲ್ಲ,” ಎಂದ ಮಾವ, ಒಂದು ಹಗ್ಗ ತರುವಂತೆ ಮಗಳಿಗೆ ಹೇಳಿದರು. “ದೋಣಿಗೆ ಲಂಗರ ಇಲ್ದೇ ಬಾಳ ದಿವಸ ಆಗಿತ್ತು.”