ಮೂರು ಮೂಗಿನ ಟಿ.ವಿ. ಮತ್ತು ಹುಸೇನಸಾಬರ ಬೆರಳು

ಮನೆಯಲ್ಲಿ ಏನಾದರೂ ಕೆಟ್ಟರೆ ಬಿಚ್ಚಿ ನೋಡದ ಹೊರತು ನನಗೆ ಉಂಡ ಅನ್ನ ಅರಗುವುದಿಲ್ಲ. ಬಿಚ್ಚುವ ಧೈರ್ಯ ಕೊಟ್ಟ ದೇವರು ಮುಚ್ಚುವ ವಿದ್ಯೆ ಕೊಡಲಿಲ್ಲ. ನಾನು ರಿಪೇರಿ ಮಾಡಿದ ಮಿಕ್ಸರು ಸ್ಕ್ರೂ ಉಳಿದರೂ ತಿರುಗುತ್ತಿದೆ, ಅದು ಅದರ ದೊಡ್ಡ ಗುಣ. ಆದರೆ ಆ ಪ್ರೊಜೆಕ್ಷನ್ ಟಿ.ವಿ. ನೆನಪಾದರೆ ಇವತ್ತಿಗೂ ಸ್ಕ್ರೂಡ್ರೈವರ್ ಕೆಳಗಿಡುತ್ತೇನೆ.

ಹುಬ್ಬಳ್ಳಿಯ ಭಾವಮೈದುನ ಗೋಡೆಗೆ ತೂಗುಹಾಕುವ ಹೊಸ ಟಿ.ವಿ. ತಂದವನು, ಬಟ್ಟೆ ಕಪಾಟಿನಷ್ಟು ದೊಡ್ಡದಾದ ಈ ಹಳೆಯದನ್ನು ಟೆಂಪೋದಲ್ಲಿ ಹೇರಿ ಗಜೇಂದ್ರಗಡಕ್ಕೆ ಕಳಿಸಿದ. ಅದರ ಹೊಟ್ಟೆಯಲ್ಲಿ ಕೆಂಪು, ಹಸಿರು, ನೀಲಿ ಮೂರು ಕೊಳವೆಗಳು. ಮೂರರ ಬೆಳಕೂ ಪರದೆಯ ಮೇಲೆ ಒಂದಾದರೆ ಚಿತ್ರ. ನಮ್ಮದರಲ್ಲಿ ಒಂದಾಗಲಿಲ್ಲ. ವಾರ್ತೆ ಓದುವ ಹೆಣ್ಣುಮಗಳಿಗೆ ಮೂರು ಮೂಗು. "ಮೂರಕ್ಕೂ ಮೂಗುತಿ ಅದಾವಲ್ಲ, ಪುಣ್ಯವಂತಿ," ಎಂದಳು ನನ್ನ ಹೆಂಡತಿ.

ಗೋಡೆಯಾಚೆಯ ಮನೆಯ ಹುಸೇನಸಾಬರು ಮಗ್ಗದವರು. ಬಂದು, ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದರು. "ಸರ, ಕೆಂಪು ಎಳಿ ಜಾರೇತ್ರಿ. ಸೀರಿ ದಡಿ ಹಿಂಗ ನೇಯ್ದ್ರ ಸಾವ್ಕಾರ ಮಾರಿ ಮ್ಯಾಲ ಒಗೀತಾನ."

ನಾನು ಬಿ.ಎಸ್ಸಿ. ಓದಿದವನು. ಹಿಂದಿನ ಹಲಗೆ ಬಿಚ್ಚಿದೆ.

"ವಾಯರ್ ಕಿತ್ತೀರೇನ್ರಿ?"

"ಕಿತ್ತೀನ್ರಿ. ಇನ್ನ ಅದು ಬರೇ ಕಪಾಟ."

ಪ್ಲಗ್ ಕಿತ್ತ ಮೇಲೂ ಇಂಥ ಕೊಳವೆಯಲ್ಲಿ ವಿದ್ಯುತ್ತು ಕೂತಿರುತ್ತದೆಂದು ನಾನು ಓದಿದ್ದೆ. ಆ ಹೊತ್ತಿಗೆ ಅದು ನೆನಪಿಗೆ ಬರಲಿಲ್ಲ. ಆಮೇಲೆ ಬಂತು, ಪುಟದ ಸಮೇತ.

ಮಗ್ಗದಲ್ಲಿ ಎಳೆ ಹರಿದರೆ ನೇಕಾರನ ಕೈ ತಲೆಯನ್ನು ಕೇಳಿಕೊಂಡು ಹೋಗುವುದಿಲ್ಲ. ಹೆಬ್ಬೆರಳು, ತೋರುಬೆರಳು ತಾವಾಗಿಯೇ ನಾಲಿಗೆಗೆ ಹೋಗಿ ಒದ್ದೆಯಾಗಿ ಬಂದು ಎರಡು ತುದಿಗಳನ್ನು ಹೊಸೆಯುತ್ತವೆ. ಕೆಂಪು ಕೊಳವೆಯ ವೈರಿನ ಸಿಪ್ಪೆ ಬಿರಿದು ಒಳಗಿನ ತಂತಿ ಕಾಣುತ್ತಿತ್ತು. "ಇಲ್ಲೇ ಹರದೈತಿ ನೋಡ್ರಿ," ಎಂದು ಹುಸೇನಸಾಬರು ಎರಡೂ ಬೆರಳನ್ನು ನಾಲಿಗೆಗೆ ಮುಟ್ಟಿಸಿದರು. ನಾನು ನೋಡಿದೆ; ಒದ್ದೆ ಬೆರಳು, ಬರಿ ತಂತಿ, ಏನೋ ತಪ್ಪೆನಿಸಿತು. 'ಬ್ಯಾಡ' ಎನ್ನುವುದು ಎರಡೇ ಅಕ್ಷರದ ಮಾತು. ಬಾಯಿ ತೆರೆಯಿತು, ಮಾತು ಬರಲಿಲ್ಲ. ಬೆರಳು ತಂತಿಗೆ ತಾಗಿ ಚಟ್ ಎಂದಿತು. ಅವರು ಹಾರಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಬಿದ್ದರು. ಕಣ್ಣು ತೆರೆದಿತ್ತು, ಉಸಿರು ಕಾಣಲಿಲ್ಲ. ಆಮೇಲೆ ತುಟಿ ಅಲುಗಿತು: "ಯಾರ್ರಿ ನನ್ನ ಒದ್ದಾವ್ರು?"

ದವಾಖಾನೆಯಲ್ಲಿ ಡಾಕ್ಟರು, ಎದೆಗೆ ಏನೂ ಆಗಿಲ್ಲ, ಆದರೆ ಆ ಎರಡು ಬೆರಳಿಗೆ ಸ್ಪರ್ಶ ಯಾವಾಗ ಬರುತ್ತದೋ ಹೇಳಲಾಗದು ಎಂದರು. ಆ ಬೆರಳಿಗೆ ಎಳೆ ತಿಳಿಯದಿದ್ದರೆ ಮಗ್ಗವಿಲ್ಲ. ಗೋಡೆಯಾಚೆ ಮಗ್ಗದ ಸದ್ದು ನಿಂತಿತು. ಅವರ ಹೆಂಡತಿ ಖಾತೂನಬಿ ನನ್ನನ್ನು ಬೈದಿದ್ದರೆ ಹಗುರಾಗುತ್ತಿದ್ದೆ. "ಕುಂಡ್ರ್ರಿ ಅಣ್ಣಾರ," ಎಂದು ಚಹಾ ಕೊಟ್ಟರು. ಅದು ಆರುವ ತನಕ ಹಿಡಿದು ಕೂತೆ.

ಒಂದು ದಿನ ನನ್ನ ಹೆಂಡತಿ ಹಿಂದಿನ ಹಲಗೆ ಮುಚ್ಚಿಸಿ, ಟಿ.ವಿ. ಹಚ್ಚಿ, ರಿಮೋಟಿನಲ್ಲಿ ಏನನ್ನೋ ಒತ್ತಿದಳು. ಪರದೆಯ ಮೇಲೆ ಮೂರು ಬಣ್ಣದ ಪ್ಲಸ್ ಗುರುತುಗಳು ಬಂದವು. ಬಾಣದ ಗುಂಡಿ ಒತ್ತಿ ಒತ್ತಿ ಒಂದರ ಮೇಲೊಂದು ಕೂರಿಸಿದಳು. ಮೂಗು ಒಂದೇ ಆಯಿತು. "ಇಷ್ಟಕ್ಕ ಅದರ ಹೊಟ್ಟಿ ಹರದ್ರೇನ್ರಿ?" ಎಂದಳು. ನಾನು ಎದ್ದು ಹೋಗಿ ಟಿ.ವಿ.ಗೆ ಚಾದರ ಹೊದಿಸಿದೆ.

ಕೊನೆಗೂ ಬೆರಳಿಗೆ ಸ್ಪರ್ಶ ಮರಳಿ ಬಂತು. ಈಗ ಮುಂಜಾನೆಯಿಂದಲೇ ಮಗ್ಗ ಬಡಿಯುತ್ತದೆ. ನಾನು ಗೋಡೆಗೆ ಕಿವಿಗೊಟ್ಟು ಕೂತಿರುತ್ತೇನೆ. ನಡುವೆ ಸದ್ದು ನಿಂತರೆ ಓಡಿ ಹೋಗಿ ಇಣುಕುತ್ತೇನೆ. ನಿನ್ನೆಯೂ ಇಣುಕಿದೆ. ಹುಸೇನಸಾಬರು ಬಸಿಯಲ್ಲಿ ಚಹಾ ಆರಿಸುತ್ತಿದ್ದರು. "ಇನ್ನಾ ಅದೀನ್ರಿ ಸರ. ಹೋಗಿ ಜಳಕಾ ಮಾಡ್ರಿ," ಎಂದರು.

ಬಂದು ಜಳಕ ಮಾಡಿದೆ. ಗೀಜರ್ ಹಚ್ಚಲಿಲ್ಲ.