ಹಣೆಗೆ ವಿಭೂತಿ ಹಚ್ಚಿಕೊಂಡ ರಾಕ್ಷಸ

ಅಂಜಿದವನ ಮೇಲೆ ಕಪ್ಪೆ ಎಸೆದರು ಅನ್ನುತ್ತಾರಲ್ಲ, ನನ್ನ ಪಾಲಿಗೆ ಆ ಕಪ್ಪೆ ಒಂದು ಪುಸ್ತಕ. ಅದು ನನ್ನ ಮನೆಯಲ್ಲಿ ಇರುವ ತನಕ ಈಗ ಹೇಳಹೊರಟಂಥ ಫಜೀತಿಗಳು ನಡೆಯುತ್ತಲೇ ಇರುತ್ತವೆ. ಬಿಟ್ಟುಬಿಡೋಣ ಅಂದರೆ ಜೀವ ಒಪ್ಪುವುದಿಲ್ಲ.

ಅದು ವಿಲಾಯತಿಯ ಒಂದು ಆಟದ ನಿಯಮದ ಪುಸ್ತಕ. ಮೇಜೇ ರಣರಂಗ, ಹೆಬ್ಬೆರಳುದ್ದದ ಸೀಸದ ಗೊಂಬೆಗಳೇ ಸೈನ್ಯ. ಟೇಪು ಹಿಡಿದು ಅಳೆದು ಸೈನ್ಯ ನಡೆಸಬೇಕು, ದಾಳ ಹಾಕಿ ಯಾರು ಸತ್ತರು ಯಾರು ಉಳಿದರು ಅಂತ ನೋಡಬೇಕು. ನಾವು ಇದನ್ನು ದಂಡಿನಾಟ ಅನ್ನುತ್ತೇವೆ. ಆಟ ಇನ್ನೂ ನಡೆದಿದೆ, ನಾಲ್ಕಾರು ವರ್ಷಕ್ಕೊಮ್ಮೆ ಹೊಸ ಪುಸ್ತಕ ಬರುತ್ತದೆ. ಹೊಸವನ್ನು ಫೋನಿನಲ್ಲಿ ನೋಡಿದ್ದೇನೆ. ಮಿರಿಮಿರಿ ಬಣ್ಣ, ಕಲ್ಲಿನಷ್ಟು ದಪ್ಪ, ರಾಕ್ಷಸರೆಲ್ಲ ಮದುವೆಯ ಬ್ಯಾಂಡಿನವರ ಹಾಗೆ ಕಾಣುತ್ತಾರೆ. ನನ್ನದು ಮೊಟ್ಟಮೊದಲನೆಯದು. ಕರೀ ಶಾಯಿಯ ಚಿತ್ರ, ಟೈಪು ಹೊಡೆದಂಥ ಅಕ್ಷರ, ಎರಡು ಪುಟ ತಲೆಕೆಳಗು. ಬರೆದವನಿಗೇ ಖಾತ್ರಿ ಇಲ್ಲದ ಕಡೆ, 'ಇಲ್ಲಿ ಜಗಳವಾದರೆ ದಾಳ ಹಾಕಿ, ಹೆಚ್ಚು ಬಿದ್ದವನು ಹೇಳಿದ್ದೇ ಸರಿ, ಆಮೇಲೆ ಚಹಾ ಕುಡಿಯಿರಿ' ಅಂತ ಬರೆದಿದ್ದಾನೆ. ಹೊಸ ಪುಸ್ತಕಗಳಲ್ಲಿ ನಿಯಮ ಬೇಕಾದಷ್ಟಿವೆ, ಚಹಾ ಇಲ್ಲ.

ಮತ್ತೆ ಅದರ ನಲವತ್ತನೇ ಪುಟ. ಅಂಜಿಕೆಯ ಪುಟ. ಇಡೀ ಪುಟ ತುಂಬಿದ ಒಬ್ಬ ರಾಕ್ಷಸ, ಕೆಳಗೆ ನಾಲ್ಕು ಸಾಲು. ಪ್ರತಿ ಸಿಪಾಯಿಗೂ ಒಂದು ಧೈರ್ಯದ ಅಂಕಿ ಇರುತ್ತದೆ. ರಾಕ್ಷಸ ಎದುರಾದರೆ ಎರಡು ದಾಳ ಹಾಕಬೇಕು. ಎರಡೂ ಕೂಡಿ ಬಿದ್ದದ್ದು ಆ ಅಂಕಿಗಿಂತ ಹೆಚ್ಚಾದರೆ ಸಿಪಾಯಿ ಓಡಿಹೋಗಬೇಕು. ಕುದುರೆ ಸವಾರನದು ಎಂಟು, ರೈತನದು ಐದು. ನನ್ನದು ಎರಡು ಅಂತ ಗೆಳೆಯರು ಹೇಳುತ್ತಾರೆ. ನಾನು ಗದುಗಿನ ಕಾಲೇಜೊಂದರಲ್ಲಿ ಪ್ರಯೋಗಾಲಯದ ಸಹಾಯಕ. ಅಸ್ಥಿಪಂಜರ ನಿಲ್ಲಿಸಿದ ಕೋಣೆಗೆ ಇಪ್ಪತ್ತು ವರ್ಷದಿಂದ ಬಾಗಿಲು ತೆರೆದಿಟ್ಟೇ ಹೋಗುತ್ತೇನೆ. ಗೆಳೆಯರ ಲೆಕ್ಕ ತಪ್ಪಿಲ್ಲ.

ನಮ್ಮಂವ ಆದ

ನಾನು ಬೆಳೆದದ್ದು ಶಿರಹಟ್ಟಿಯಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜಿಯ ಒಬ್ಬನೇ ಮಗ, ಅಂದರೆ ನನ್ನ ಸೋದರಮಾವ, ಹಡಗಿನಲ್ಲಿ ನೌಕರಿಗಿದ್ದರು. ಆರಡಿ ಆಳು. ಮಾತಾಡಿದರೆ ಅಟ್ಟದ ಮೇಲಿನ ಪಾತ್ರೆ ಅದುರುತ್ತಿದ್ದವು. ನಾನು ಐದನೇ ಇಯತ್ತೆಯಲ್ಲಿದ್ದಾಗ ರಜೆಗೆ ಬಂದವರು ಟ್ರಂಕಿನಿಂದ ಈ ಪುಸ್ತಕ ಮತ್ತು ಒಂದು ಡಬ್ಬಿ ಸೀಸದ ಸಿಪಾಯಿಗಳನ್ನು ತೆಗೆದು ನನ್ನ ಕೈಯಲ್ಲಿಟ್ಟರು.

"ಇದು ನಿನ್ನ ಕಡೇನ ಇರಬೇಕು. ಎಲ್ಲೂ ಬಿಡಬ್ಯಾಡ, ಯಾರಿಗೂ ಕೊಡಬ್ಯಾಡ. ತಿಳೀತಿಲ್ಲೋ?"

ಹೇಳುವಾಗ ಮಾಮಾನ ಕಣ್ಣು ಕೆಂಪಗಿದ್ದವು. ಪುಸ್ತಕಕ್ಕೆ ಏನಾದರೂ ಆದರೆ ನನ್ನ ಗತಿ ಏನು ಅಂತ ಆ ಕಣ್ಣು ನೋಡಿಯೇ ಗೊತ್ತಾಯಿತು. ಅಂದಿನಿಂದ ಪಂಚಮಿಗೊಮ್ಮೆ, ದಸರೆಗೊಮ್ಮೆ ಅವರ ಪತ್ರ ಬರುತ್ತಿತ್ತು, ಆಮೇಲೆ ಫೋನು. ಕ್ಷೇಮ ಸಮಾಚಾರಕ್ಕಿಂತ ಮೊದಲು ಒಂದೇ ಪ್ರಶ್ನೆ: "ಪುಸ್ತಕ ನಿನ್ನ ಕಡೇನ ಐತೆಲ್ಲ?"

"ಐತ್ರಿ ಮಾಮಾ."

"ಹೂಂ," ಅಂತ ಒಂದು ದೊಡ್ಡ ಉಸಿರು. ಆ ಉಸಿರಿಗೇ ನನಗೆ ಬೆವರು ಬರುತ್ತಿತ್ತು.

ಅವತ್ತು ಪುಸ್ತಕ ಬಿಡಿಸಿದಾಗ ಮೊದಲು ತೆರೆದದ್ದೇ ನಲವತ್ತನೇ ಪುಟ. ಚೀರಿ ಅಡಿಗೆಮನೆಗೆ ಓಡಿದೆ. ಊಟ ಬೇಡ ಅಂದೆ, ಹಿತ್ತಲಿಗೂ ಒಬ್ಬನೇ ಹೋಗಲಾರೆ ಅಂದೆ. ಅಜ್ಜಿ ಪುಸ್ತಕ ತರಿಸಿಕೊಂಡು, ಕಣ್ಣು ಸಣ್ಣ ಮಾಡಿ ಆ ರಾಕ್ಷಸನನ್ನು ಬಹಳ ಹೊತ್ತು ನೋಡಿದಳು. ದೇವರ ಜಗಲಿಯಿಂದ ವಿಭೂತಿ ಗಟ್ಟಿ ತಂದು ನೀರಲ್ಲಿ ತೇಯ್ದು ಅವನ ಹಣೆಗೆ ಮೂರು ಬೆರಳಿನಿಂದ ಎಳೆದಳು.

"ಇಕಾ, ಈಗ ನಮ್ಮಂವ ಆದ. ಇನ್ನ ನೀ ಉಣ್ಣು. ಅವನೂ ಹಸದಿರಬೇಕು, ಬಾಯಿ ಹೆಂಗ ತಗದಾನ ನೋಡು."

ಅಳಿಯ ಮಾಡಿದ ಮಾಟ

ಮದುವೆಯಾಗಿ ಬೆಟಗೇರಿಯಲ್ಲಿ ಮನೆ ಮಾಡಿದ ಮೇಲೆ ಸಿಪಾಯಿಗಳಿಗೆ ಹೊಸದಾಗಿ ಬಣ್ಣ ಹಚ್ಚತೊಡಗಿದೆ. ಒಂದು ದಿನ ಮೂವತ್ತು ಮಂದಿಗೆ ಕೆಂಪು ಬಣ್ಣ ಹಚ್ಚಿ, ಜೋಳ ಕೇರುವ ಮೊರದಲ್ಲಿ ಸಾಲಾಗಿ ಇಟ್ಟು, ಮಾಳಿಗೆಯ ಮೇಲೆ ಒಣಗಲು ಬಿಟ್ಟು ಕಾಲೇಜಿಗೆ ಹೋದೆ. ಹೆಂಡತಿಗೆ ಹೇಳಲು ಮರೆತೆ.

ಅವತ್ತೇ ಯಳವತ್ತಿಯಿಂದ ನಮ್ಮ ಅತ್ತೆ ಬಂದರು. ಸಂಡಿಗೆ ಒಣಹಾಕಲು ಮಾಳಿಗೆ ಹತ್ತಿದರು.

ನಾನು ಮನೆಗೆ ಬಂದಾಗ ಬಾಗಿಲ ಮುಂದೆ ಓಣಿಯ ಹೆಂಗಸರೆಲ್ಲ ನಿಂತಿದ್ದರು. ಯಾರೋ ಹೋದರು ಅಂತಲೇ ತಿಳಿದೆ. ಒಳಗೆ ನೋಡಿದರೆ ನನ್ನ ಮೂವತ್ತು ಸಿಪಾಯಿಗಳು ಉಪ್ಪುನೀರಿನ ಬಕೀಟಿನಲ್ಲಿ ಮುಳುಗಿದ್ದಾರೆ, ಮೇಲೆ ನಿಂಬೆಹಣ್ಣು, ಕೆಂಪು ಮೆಣಸಿನಕಾಯಿ ತೇಲುತ್ತಿವೆ. ಪಕ್ಕದಲ್ಲಿ, ಅಯ್ಯೋ, ಪುಸ್ತಕ! ಅತ್ತೆ ಕಪಾಟು ಶೋಧಿಸಿ ಅದನ್ನೂ ಹಿಡಿದಿದ್ದರು.

"ಯಾರೋ ಭಾಳ ದೊಡ್ಡ ಮಾಟ ಮಾಡಿಸ್ಯಾರ," ಅಂದರು. "ಮಂತ್ರದ ಪುಸ್ತಕಾನೂ ಸಿಕ್ಕೇತಿ. ನಾಳಿ ಸಿಂಗಟಾಲೂರಿಗೆ ಹೋಗಿ ಎಲ್ಲಾ ಹೊಳಿಗೆ ಬಿಟ್ಟು ಬರೂನು."

ನನಗೆ ಮಾಮಾನ ಕೆಂಪು ಕಣ್ಣು ನೆನಪಾದವು. ತುಂಗಭದ್ರೆಯಲ್ಲಿ ಪುಸ್ತಕ ತೇಲಿಹೋಗುವುದು ಕಂಡಿತು. ಅತ್ತೆಗೆ ಅಂಜಲೋ ಮಾಮಾಗೆ ಅಂಜಲೋ ಅಂತ ತೂಗಿ ನೋಡಿ, ಮಾಮಾಗೆ ಹೆಚ್ಚು ಅಂಜಿ, ನಿಜ ಹೇಳಿಬಿಟ್ಟೆ.

"ಅತ್ತಿಯವರ, ಬಿಡಬ್ಯಾಡ್ರಿ. ಅವನ್ನೆಲ್ಲಾ ನಾನ ಮಾಡೀನಿ. ಪುಸ್ತಕಾನೂ ನಂದ."

ಓಣಿಯ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಅತ್ತೆ ಮಗಳ ಮುಖ ನೋಡಿದರು, ನನ್ನ ಮುಖ ನೋಡಿದರು, ನೆಲಕ್ಕೆ ಕುಸಿದು ಕುಳಿತರು.

"ಮಂದಿ ಮಾಡಿದ ಮಾಟ ಅಳಿಯಾನ ಕಡಿಂದ ತಗಸಬಹುದಿತ್ತು. ಅಳಿಯಾನ ಮಾಡಿದ್ರ ಯಾರ ಕಡೆ ಹೋಗೂದವ್ವಾ?"

ಖಾಕಿ ಬಂದಾಗ

ಪುಸ್ತಕದಲ್ಲಿ ದೂರವೆಲ್ಲ ಇಂಚಿನಲ್ಲಿದೆ. ಹಾಗಾಗಿ ಈ ಆಟಕ್ಕೆ ಟೇಲರನಿಗಿಂತ ಒಳ್ಳೇ ಜೊತೆಗಾರ ಸಿಗುವುದಿಲ್ಲ. ನನಗೊಬ್ಬ ಸಿಕ್ಕಿದ್ದಾನೆ, ಲಕ್ಷ್ಮೇಶ್ವರದಲ್ಲಿ. ರವಿವಾರ ಅವನ ಅಂಗಡಿಯ ಬಟ್ಟೆ ಕತ್ತರಿಸುವ ಮೇಜೇ ನಮ್ಮ ರಣರಂಗ, ನೂಲಿನ ಉಂಡೆಗಳೇ ಗುಡ್ಡ.

ಒಂದು ರವಿವಾರ ಆಟ ಬಿಸಿಯೇರಿತ್ತು. ಅವನ ರಾಕ್ಷಸ ನನ್ನ ರೈತರ ಮೇಲೆ ಬಿದ್ದಿದ್ದ. ಅಂಜಿಕೆಯ ದಾಳ ಹಾಕಬೇಕು ಅಂತ ನಾನು ಕೈ ಎತ್ತುವುದಕ್ಕೂ ಬಾಗಿಲಲ್ಲಿ ಒಬ್ಬ ಪೊಲೀಸಪ್ಪ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಕೈಯಲ್ಲಿ ದಾಳ, ಬಾಗಿಲಲ್ಲಿ ಖಾಕಿ. ಜೂಜು ಅಂತ ಎಳೆದೊಯ್ದರೆ ನೌಕರಿ ಹೋಯಿತು, ಮರ್ಯಾದೆ ಹೋಯಿತು, ಪುಸ್ತಕ ಜಪ್ತಾಯಿತು! ಯೋಚನೆ ಮಾಡದೆ ಎರಡೂ ದಾಳ ಬಾಯಿಗೆ ಹಾಕಿಕೊಂಡೆ.

ಅವರು ಬಂದದ್ದು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು. ಮೇಜು ನೋಡಿ, "ಏನ್ ನಡಸೀರಿ?" ಅಂತ ನನ್ನನ್ನೇ ಕೇಳಿದರು. ನಾನು "ಊಂ" ಅಂದೆ.

ಟೇಲರ್ ಮಾತ್ರ ಅಂಜದ ಆಸಾಮಿ. "ದಂಡಿನಾಟ ರೀ ಸಾಹೇಬ್ರ, ರೊಕ್ಕದ್ದಲ್ಲ. ಈಗ ಇವ್ರು ದಾಳ ಹಾಕಬೇಕು."

"ದಾಳ ಎಲ್ಲದಾವ?"

ಟೇಲರ್ ಟೇಪಿನ ತುದಿಯಿಂದ ನನ್ನ ಕೆನ್ನೆ ತೋರಿಸಿದ.

ಉಗುಳಿದೆ. ಎರಡೂ ಆರು. ನನ್ನ ರೈತರೆಲ್ಲ ಓಡಿಹೋದರು. ಪೊಲೀಸಪ್ಪ ಸ್ಟೂಲು ಎಳೆದುಕೊಂಡು ಕುಳಿತು, ಅಂಜಿಕೆಯ ಪುಟದ ನಿಯಮವನ್ನು ಎರಡೆರಡು ಸಲ ಹೇಳಿಸಿಕೊಂಡರು. ಆಮೇಲೆ ನಿಟ್ಟುಸಿರು ಬಿಟ್ಟರು.

"ಖರೇ ಹೇಳತೀನ್ರಿ, ಈ ಪುಸ್ತಕ ಬರದಂವ ಶ್ಯಾಣ್ಯಾ ಅದಾನ. ಬಂದೋಬಸ್ತಿನ್ಯಾಗ ಕಲ್ಲು ಬೀಳಾಕ ಹತ್ತಿದಾಗ ನಮಗೂ ಎರಡು ದಾಳ ಕೊಟ್ಟಿದ್ರ, ಓಡಿ ಬಂದದ್ದಕ್ಕ ರಿಪೋರ್ಟಿನ್ಯಾಗ ಬರಿಯಾಕ ಒಂದು ಕಾರಣ ಸಿಗತಿತ್ತು."

ದೇವರ ಮುಂದೆ ಹೆಸರೇಕೆ

ಹೋದ ದಸರೆಯ ಹೊತ್ತಿಗೆ ಪುಸ್ತಕದ ಬೆನ್ನು ಹರಿದು ಪುಟ ಉದುರತೊಡಗಿದವು. ಎದೆ ಗಟ್ಟಿ ಮಾಡಿಕೊಂಡು ಬೆಟಗೇರಿಯ ಬೈಂಡರ್ ಕಾಕಾನ ಹತ್ತಿರ ಒಯ್ದೆ. ಅವನು ಎಂಥ ಪುಸ್ತಕಕ್ಕೂ ಒಂದೇ ಕೆಂಪು ಅರಿವೆ ಹೊದಿಸುತ್ತಾನೆ, ಯಾರದು ಅಂತ ಚೀಟಿ ಸಿಕ್ಕಿಸುತ್ತಾನೆ. ನವಮಿಗೆ ಮೊದಲೇ ಕೊಡುತ್ತೇನೆ ಅಂದವನು ಅಂಟು ಹಸಿ ಇದೆ ಅಂತ ಕಲ್ಲಿನ ಕೆಳಗೆ ಇಟ್ಟ. ಅಷ್ಟರಲ್ಲಿ ನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಬಂತು. ಕತ್ತರಿ, ಸೂಜಿ, ಪುಸ್ತಕ, ಎಲ್ಲ ಪೂಜೆಗೆ ಕುಳಿತವು. ಪೂಜೆಗಿಟ್ಟ ಪುಸ್ತಕವನ್ನು ಮರುದಿನದ ತನಕ ಮುಟ್ಟುವಂತಿಲ್ಲ.

ಅವತ್ತೇ ಮುಂಡರಗಿಯಿಂದ ಮಾಮಾನ ಫೋನು. ನೌಕರಿ ಬಿಟ್ಟ ಮೇಲೆ ಅವರು ಅಲ್ಲೇ ಮನೆ ಕಟ್ಟಿಸಿಕೊಂಡು ಇದ್ದಾರೆ.

"ನಾಳಿ ಹಬ್ಬಾ ಮುಗಿಸಿ ನಾಡದ ಬನ್ನಿ ಕೊಡಾಕ ನಿಮ್ಮ ಮನಿಗೆ ಬರಬೇಕಂತ ಧೈರ್ಯ ಮಾಡೀನಿ. ಪುಸ್ತಕ ನಿನ್ನ ಕಡೇನ ಐತೆಲ್ಲ?"

ನನ್ನ ಮದುವೆಯಾದಾಗಿನಿಂದ ನಮ್ಮ ಹೊಸಿಲು ತುಳಿಯದ ಮಾಮಾ ಈಗ ಬರುವುದೆಂದರೆ ಪುಸ್ತಕದ ತನಿಖೆಗೇ ಇರಬೇಕು. "ಐ... ಐತ್ರಿ ಮಾಮಾ." ಅವರಿಗೆ ನಾನು ಹೇಳಿದ ಮೊದಲ ಸುಳ್ಳು.

ವಿಜಯದಶಮಿಯ ಬೆಳಿಗ್ಗೆ ಕಾಕಾ ಕುಂಕುಮ ಹಚ್ಚಿದ ಕೆಂಪು ಪುಸ್ತಕ ಕೈಗಿಟ್ಟ. ಮನೆಗೆ ಬಂದು ತೆರೆದರೆ ಒಳಗೆ ಪುರಾಣ! ತಿರುಗಿ ಓಡಿದೆ.

"ಕಾಕಾ, ಚೀಟಿ ಎಲ್ಲಿ?"

"ಪೂಜಿಗೆ ಇಡೂ ಮುಂದ ತಗದೆ. ದೇವರ ಮುಂದ ಎಲ್ಲಾರೂ ಒಂದ, ಅಲ್ಲಿ ಹೆಸರ್ಯಾಕ?"

"ನಂದು ಯಾರು ಒಯ್ದ್ರು?"

"ಮುಂಡರಗಿ ಶಾಸ್ತ್ರಿಗಳು. ಮೊದಲನೇ ಬಸ್ಸಿಗೆ ಬಂದಿದ್ರು, ಇವತ್ತ ಅವರ ಪುರಾಣ ಸುರು. ಕಣ್ಣಿಗೆ ಒತ್ತಿಕೊಂಡು ಒಯ್ದಾರ, ಕಾಳಜಿ ಮಾಡಬ್ಯಾಡ್ರಿ."

ಮುಂಡರಗಿ! ಪುರಾಣವನ್ನು ಕಂಕುಳಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದೆ. ಮುಟ್ಟುವಷ್ಟರಲ್ಲಿ ಮೊದಲ ದಿನದ ಪುರಾಣ ಮುಗಿದಿತ್ತು. ಶಾಸ್ತ್ರಿಗಳು ಒಬ್ಬರೇ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರು.

"ನಿಮ್ಮದೇನ್ರಿ ಅದು? ಮಂದಿ ಮುಂದ ಬಿಡಿಸೀನಿ, ಒಬ್ಬಾಂವ ಬಾಯಿ ತಗದು ನನ್ನ ನುಂಗಾಕ ನಿಂತಾನ! ಹಣಿ ನೋಡಿದ್ರ ವಿಭೂತಿ. ಕೈ ಮುಗಿಯೂದೋ ಓಡೂದೋ ತಿಳೀಲಿಲ್ಲ. ಪುಸ್ತಕ ಮುಚ್ಚಿ ಎಲ್ಲಾ ಬಾಯಿಲೇ ಹೇಳಿದೆ. ಎಂದಿಗಿಂತ ಛಲೋ ಆತು ಅಂದ್ರು ಮಂದಿ."

ಅವರ ಪುರಾಣ ಅವರ ಕೈಗಿಟ್ಟು, "ನಂದು ಕೊಡ್ರಿ," ಅಂದೆ.

"ಇಂಗ್ಲೀಷ್ ಐತೆಲ್ಲರಿ, ನಮಗೇನ್ ತಿಳೀತೈತಿ? ಮುಂದಿನ ಸಾಲಿನ್ಯಾಗ ಒಬ್ರು ಹಿರಿಯರು ಕುಂತಿದ್ರು, ಹಡಗಿನ್ಯಾಗ ಇದ್ದವರು. ಮನಿಗೆ ಒಯ್ದು ಓದಿ ಏನಂತ ಹೇಳ್ರಿ ಅಂತ ಅವರ ಕೈಯಾಗ ಕೊಟ್ಟೀನಿ."

ನಾನು ಅಲ್ಲೇ ಕುಳಿತೆ. ಎದ್ದು ಗದುಗಿನ ಬಸ್ಸು ಹತ್ತಬೇಕು ಅನ್ನಿಸಿತು. ಆದರೆ ಅದು ನನ್ನ ಬಾಲ್ಯದ ಪುಸ್ತಕ, ಅದರಲ್ಲಿ ಅಜ್ಜಿಯ ಮೂರು ಬೆರಳಿನ ಗುರುತಿದೆ. ಅದನ್ನು ಬಿಟ್ಟು ಹೋಗಲಾರೆ. ಬಾಯಲ್ಲಿ ದೇವರ ಹೆಸರು ಹೇಳುತ್ತಾ ಮಾಮಾನ ಮನೆಗೆ ನಡೆದೆ.

ಮನೆಯ ಬಾಗಿಲು ಹಾಕಿತ್ತು. ಹೊರಗೆ ಕಟ್ಟೆಯ ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಗುಂಡಕಲ್ಲು ಹೇರಿದ್ದರು. ಕಿಟಕಿಯಲ್ಲಿ ಮಾಮಾನ ಎರಡು ಕಣ್ಣು.

"ಮಾಮಾ, ತಪ್ಪಾತ್ರಿ. ಪುಸ್ತಕ ನನ್ನ ಕೈ ಬಿಟ್ಟು..."

"ಸಾವಕಾಶ ಮಾತಾಡಲೇ," ಅಂತ ಮಾಮಾ ಪಿಸುಗುಟ್ಟಿದರು. "ಬುಟ್ಟಿ ಕೆಳಗ ಐತಿ. ಅದಕ್ಕ ಕೇಳಿಸೀತು."

ನಾನು ಬುಟ್ಟಿ ನೋಡಿದೆ.

"ಮೂವತ್ತೈದು ವರ್ಷ ಆತು, ಶಿರಹಟ್ಟ್ಯಾಗ ಬಿಟ್ಟು ಬಂದಿದ್ದೆ. ಈಗ ಕೆಂಪು ಅರಿವಿ ಉಟಗೊಂಡು ಮನಿ ಹುಡಿಕ್ಯೊಂಡು ಬಂದೈತಿ ನೋಡು! ಹಡಗಿನ್ಯಾಗ ಒಬ್ಬಾಂವ ನನ್ನ ಖೋಲ್ಯಾಗ ಬಿಟ್ಟು ಹೋಗಿದ್ದ. ಆ ಚಿತ್ರ ನೋಡಿದಾಗಿಂದ ಊರು ಮುಟ್ಟೂತನಾ ಕಣ್ಣು ಹತ್ತಲಿಲ್ಲ. ಸಮುದ್ರಕ್ಕ ಒಗಿಯೋಣಂದ್ರ, ಸಮುದ್ರದ ಮ್ಯಾಲೆ ನಾನೂ ಇದ್ದೆನಲ್ಲೋ!"

ಆ ಕೆಂಪು ಕಣ್ಣು ಸಿಟ್ಟಿನವಲ್ಲ, ನಿದ್ದೆಗೆಟ್ಟವು. ಆ ಉಸಿರು ಬೆದರಿಕೆಯದಲ್ಲ, ಸಮಾಧಾನದ್ದು. ನನ್ನ ಮನೆಗೆ ಅವರು ಕಾಲಿಡದೇ ಇದ್ದದ್ದು ಈ ಪುಸ್ತಕಕ್ಕೆ ಅಂಜಿ.

"ಹಂತಾದ್ದನ್ನ ಐದನೇತ್ತಾ ಹುಡುಗಗ ಕೊಟ್ರ್ಯಾ ಮಾಮಾ?"

"ನೀ ತಗೊಂಡು ಇಟಗೊಂಡೆಲ್ಲೋ! ಅದರ ಕೂಡ ಇಷ್ಟು ವರ್ಷ ಬಾಳೇ ಮಾಡೀದಿ. ನಮ್ಮ ಮನಿತನದಾಗ ನಿನ್ನಂಥ ಧೈರ್ಯದ ಗಂಡಸು ಹುಟ್ಟಿಲ್ಲ ಬಿಡು."

ಜೀವಮಾನದಲ್ಲಿ ಯಾರೂ ನನಗೆ ಹೇಳದ ಮಾತು. ಅದನ್ನು ಸುಳ್ಳು ಮಾಡಬಾರದು ಅಂತ ಕಲ್ಲು ಇಳಿಸಿ, ಬುಟ್ಟಿ ಎತ್ತಿ, ನಲವತ್ತನೇ ಪುಟ ತೆರೆದು ಕಿಟಕಿಗೆ ಹಿಡಿದೆ.

"ಹಣಿ ನೋಡ್ರಿ ಮಾಮಾ. ವಿಭೂತಿ ಹಚ್ಚಿದಾಕಿ ಅಜ್ಜಿ."

"ಅವ್ವ?" ಮಾಮಾ ಕಿಟಕಿಗೆ ಮುಖ ತಂದರು. ಅಗುಳಿ ಸರಿಯಿತು, ಬಾಗಿಲು ಅರ್ಧ ತೆರೆಯಿತು. "ಅವ್ವ ಹಚ್ಚ್ಯಾಳಂದ್ರ ಅರ್ಧಾ ಅಂಜಿಕಿ ಹೋತು."

"ಉಳದರ್ಧಾ?"

"ಅದಕ್ಕನ ಬಾಗಲಾ ಅರ್ಧಾ ತಗದೀನಿ."

ಆ ಅರ್ಧ ಬಾಗಿಲಲ್ಲೇ ಒಬ್ಬರಿಗೊಬ್ಬರು ಬನ್ನಿ ಕೊಟ್ಟು ಬಂಗಾರದಂತೆ ಇರೋಣ ಅಂದೆವು. ಬಸ್‌ಸ್ಟ್ಯಾಂಡಿನ ತನಕ ಕಳಿಸಲು ಬಂದರು, ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ. ಬಸ್ಸು ಬಿಡುವಾಗ ಕೂಗಿದರು: "ಮನಿ ಮುಟ್ಟಿದ ಕೂಡಲೆ ಫೋನ್ ಮಾಡು!"

"ಆಗಲ್ರಿ ಮಾಮಾ, ನಾ ಮುಟ್ಟಿದ ಕೂಡಲೆ ಮಾಡತೀನಿ."

"ನಿಂದ್ಯಾರು ಕೇಳ್ಯಾರಲೇ? ಅದು ಮುಟ್ಟಿದ್ದು ಹೇಳು! ನೀ ಕಣ್ಣು ಮುಚ್ಚಿದಿ ಅಂದ್ರ ದಾರ್ಯಾಗ ಇಳದು ತಿರುಗಿ ಇಲ್ಲಿಗೇ ಬಂದೀತು!"