ಜಿಂಜಾದ ಶಾಲೆಗೆ ಮನೆ ನೋಡಲು ಹೋದದ್ದು

ಒಮ್ಮೆಯೂ ಕಾಲಿಡದ ಊರೊಂದರಲ್ಲಿ ನಾನು ಒಂದು ತಿಂಗಳು ವಾಸವಾಗಿದ್ದೆ ಎಂದರೆ ನೀವು ನಗಬಹುದು. ನಗಿ, ನನ್ನ ಹೆಂಡತಿ ಸುಜಾತಾ ಕೂಡ ನಗುತ್ತಾಳೆ. ಊರು ಬಿಡುವವರೆಲ್ಲ ಮೊದಲು ಮನಸ್ಸಿನಲ್ಲಿ ಹೋಗಿ, ನಾಲ್ಕು ದಿನ ಇದ್ದು, ತಿರುಗಿ ಬಂದಿರುತ್ತಾರೆ ಎಂಬುದು ನನ್ನ ನಂಬಿಕೆ. ಉಳಿದವರು ಬೇಗ ತಿರುಗಿ ಬರುತ್ತಾರೆ, ನಾನು ಅಲ್ಲೇ ಝಂಡಾ ಊರಿಬಿಡುತ್ತೇನೆ, ಅಷ್ಟೇ. ಊರಿನ ಹೆಸರು ಜಿಂಜಾ. ಆಫ್ರಿಕಾದ ಉಗಾಂಡಾದಲ್ಲಿ, ದೊಡ್ಡದೊಂದು ಸರೋವರದಿಂದ ನೈಲ್ ನದಿ ಹೊರಬೀಳುವ ಕಡೆ ಇದೆ. ಮೊಬೈಲಿನ ನಕಾಶೆಯಲ್ಲಿ ಅದರ ಓಣಿ ಓಣಿ ತಿರುಗಿದ್ದೇನೆ. ಮಧ್ಯಾಹ್ನ ಊಟ ಮುಗಿಸಿ ಸದಲಗಾದ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತರೆ ಸಾಕು, ಎದುರಿಗೆ ಕಬ್ಬಿನ ಟ್ರ್ಯಾಕ್ಟರು ಗಡಗಡ ಎಂದು ಹೋಗುತ್ತಿದ್ದರೂ ನಾನು ಸರೋವರದ ದಂಡೆಯ ಮೇಲೆ ಮರಗಳ ನೆರಳಿನಲ್ಲಿ ಕೈ ಬೆನ್ನಿಗೆ ಕಟ್ಟಿಕೊಂಡು ನಡೆಯುತ್ತಿರುತ್ತಿದ್ದೆ. "ಉಗಾಂಡಾದಿಂದ ಬಂದಿದ್ರ ಸ್ವಲ್ಪ ಗಿರಣಿಗೆ ಹೋಗಿ ಹಿಟ್ಟ ಹಾಕಿಸ್ಕೊಂಡ ಬರ್ರಿ" ಎಂದು ಸುಜಾತಾ ಒಳಗಿನಿಂದ ಕೂಗಿದಾಗಲೇ ನನಗೆ ಎಚ್ಚರ.

ಇದಕ್ಕೆ ಕಾರಣವಿತ್ತು. ಚಿಕ್ಕೋಡಿ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ರಸ ಕುದಿಸಿ ಹರಳು ಕಟ್ಟಿಸುವ ವಿಭಾಗದವನು ನಾನು. ಗಾಜಿನ ಕಿಂಡಿಯ ಮುಂದೆ ನಿಂತು ಹರಳು ಕಟ್ಟುವುದನ್ನು ಕಾಯುವುದೇ ಅರ್ಧ ಕೆಲಸ. ಹಂಗಾಮಿನ ಮೇಲೆ ಹಂಗಾಮು ಹೀಗೆ ಕಾದು ಕಾದು, ಕಾಯುವುದೇ ನನಗೊಂದು ಚಟವಾಗಿಬಿಟ್ಟಿದೆ. ನಮ್ಮ ಕಡೆಯ ಸಕ್ಕರೆ ಕೆಲಸ ಬಲ್ಲವರು ಆಫ್ರಿಕಾಕ್ಕೆ ಹೋಗುವುದು ಹೊಸದೇನಲ್ಲ. ಅಥಣಿಯ ನನ್ನ ಗೆಳೆಯನೊಬ್ಬ ಹೋಗಿ ಬಂದು, ಈಗಲೂ ಚಹಾ ಕುಡಿಯುವಾಗ ಅಲ್ಲಿನ ಬಾಳೆಕಾಯಿಯ ವರ್ಣನೆ ಮಾಡುತ್ತಾನೆ. ನನಗೂ ಜಿಂಜಾದ ಹತ್ತಿರದ ಕಾರ್ಖಾನೆಯಿಂದ ಪತ್ರ ಬಂತು. ಎರಡು ವರ್ಷದ ಕೆಲಸ, ಹೆಂಡತಿ ಮಕ್ಕಳನ್ನು ಕರೆತರಬಹುದು ಎಂದಿತ್ತು. ಸುಜಾತಾ ಅದನ್ನು ಎರಡು ಸಲ ಓದಿ ಒಂದೇ ಒಂದು ಮಾತು ಹೇಳಿದಳು. "ಸ್ವಾತಿಗೆ ಚಲೋ ಶಾಲಿ ಸಿಕ್ರ ಮೂರೂ ಮಂದಿ ಹೋಗೂಣು. ಸಿಗಲಿಲ್ಲಂದ್ರ ನೀವೊಬ್ರ ಹೋಗ್ರಿ. ಹುಡುಗೀದ ಎರಡು ವರ್ಷ ಹಾಳ ಮಾಡಾಕ ನಾ ತಯಾರಿಲ್ಲ."

ಸ್ವಾತಿ ನಮ್ಮ ಒಬ್ಬಳೇ ಮಗಳು, ಎಂಟು ವರ್ಷ, ಮೂರನೆಯ ಇಯತ್ತೆ. ನಾನೊಬ್ಬನೇ ಹೋಗುವುದು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತು. ಒಮ್ಮೆ ತರಬೇತಿಗೆಂದು ಒಂದು ವಾರ ಪುಣೆಗೆ ಹೋದವನು ಮೂರನೆಯ ದಿನವೇ, ಸ್ವಾತಿಗೆ ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದ್ದೆ. ಮನೆಗೆ ಬಂದರೆ ಜ್ವರ ನನಗೇ ಬಂದಿತ್ತು. ಅವರಿಬ್ಬರನ್ನು ಬಿಟ್ಟು ಎರಡು ವರ್ಷ ಇರುವುದು ನನ್ನಿಂದಾಗದ ಮಾತು. ಹೀಗೆ ಹೇಳಲು ನನಗೇನೂ ನಾಚಿಕೆಯಿಲ್ಲ.

ಆದ್ದರಿಂದ ಮನಸಾರೆ ಹುಡುಕಾಟಕ್ಕೆ ಇಳಿದೆ. ಕಾರ್ಖಾನೆಯ ಕಾಲನಿಯಲ್ಲಿ ಮನೆ ಕೊಡುತ್ತಿದ್ದರು, ಆದರೆ ಅಲ್ಲಿಯ ಶಾಲೆ ಎರಡನೆಯ ತರಗತಿಗೇ ಮುಗಿಯುತ್ತಿತ್ತು. ಹಾಗಾಗಿ ಜಿಂಜಾ ಪೇಟೆಯಲ್ಲೇ ಮನೆ ಹಿಡಿಯಬೇಕು. ಒಳ್ಳೆಯ ಓಣಿ ಎಂದರೆ ಜನ ಏನೇನೋ ಕೇಳುತ್ತಾರೆ, ನಾನು ಅಲ್ಲಿಯ ಮನೆ ದಲಾಲನಿಗೆ ಮೊದಲು ಕೇಳಿದ್ದು ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂದು. ಅವನಿಗೆ ಏನೂ ತಿಳಿಯಲಿಲ್ಲ. ಸಕ್ಕರೆ ಕಾರ್ಖಾನೆಯ ಚಿಮಣಿಯ ಹೊಗೆ ಬೀಸುವ ಕಡೆ ಮನೆ ಮಾಡಿದವರಿಗೆ ಮಾತ್ರ ಅದರ ಅರ್ಥ ಗೊತ್ತು: ಬಿಳಿ ಧೋತರ ಒಣಹಾಕಿದರೆ ಸಂಜೆಗೆ ಮಸಿಯ ಚುಕ್ಕಿ ಚುಕ್ಕಿಯ ಧೋತರ ಸಿಗುತ್ತದೆ. ಕಾರ್ಖಾನೆ ಹದಿನೈದು ಕಿಲೋಮೀಟರ್ ದೂರ ಇದೆ ಮಹಾರಾಯರೇ ಎಂದು ಅವನು ಎಷ್ಟು ಹೇಳಿದರೂ ನನಗೆ ಸಮಾಧಾನವಿಲ್ಲ. ಕೊನೆಗೆ ಅವನು ಮನೆಯ ಅಂಗಳದ ಹಗ್ಗದ ಮೇಲೆ ಒಣಗುತ್ತಿದ್ದ ಬಟ್ಟೆಗಳ ಫೋಟೋ ತೆಗೆದು ಕಳಿಸಿದ. ಬೆಳ್ಳಗಿದ್ದವು. ಮನೆ ಪಾಸಾಯಿತು.

ಉಳಿದದ್ದು ಶಾಲೆ. ಶಾಲೆ ಆರಿಸುವುದರಲ್ಲಿ ನಮ್ಮ ಮನೆತನದ ಅನುಭವ ಅಷ್ಟಕ್ಕಷ್ಟೇ. ನಾನು ಚಿಕ್ಕವನಿದ್ದಾಗ ಊರಲ್ಲಿ ಕನ್ನಡ ಶಾಲೆಯೂ ಇತ್ತು, ಮರಾಠಿ ಶಾಲೆಯೂ ಇತ್ತು. ಭಾಷೆ, ಸಂಸ್ಕೃತಿ, ಭವಿಷ್ಯ ಎಂದೆಲ್ಲ ನಮ್ಮಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಮರಾಠಿ ಶಾಲೆ ಡೇರಿಯ ದಾರಿಯಲ್ಲಿತ್ತು, ಹೋಗುವಾಗ ಹಾಲಿನ ಕ್ಯಾನು ಕೊಟ್ಟು ಹೋಗಬಹುದೆಂದು ನನ್ನನ್ನು ಅಲ್ಲಿಗೆ ಹಾಕಿದ. ನಾಲ್ಕು ವರ್ಷದ ಮೇಲೆ ಡೇರಿಯೇ ಬೇರೆ ಕಡೆ ಹೋಯಿತು, ನಾನೂ ಅದರ ಹಿಂದೆ ಕನ್ನಡ ಶಾಲೆಗೆ ಹೋದೆ. ಈಗಲೂ ಮಗ್ಗಿ ಮರಾಠಿಯಲ್ಲಿ ಬರುತ್ತದೆ, ಸಿಟ್ಟು ಕನ್ನಡದಲ್ಲಿ ಬರುತ್ತದೆ. ಇಂಥವನು ಮಗಳಿಗೆ ಶಾಲೆ ಆರಿಸುವುದೆಂದರೆ ಭಯವೇ. ಅದಕ್ಕೇ ನಮ್ಮ ಸೋದರತ್ತೆಯನ್ನು ಯಡೂರಿನಿಂದ ಕರೆಸಿದೆ.

ನಮ್ಮ ಬಳಗದಲ್ಲಿ ಯಾರ ಹೆಣ್ಣು ಕೊಡುವುದಿದ್ದರೂ ಮೊದಲು ಗಂಡಿನ ಮನೆ ನೋಡಲು ಹೋಗುವ ಪದ್ಧತಿ ಇದೆ, ಹೋಗುವವರ ಮುಂದಾಳು ಈ ಅತ್ತೆ. ಅವಳು ಪಡಸಾಲೆಯ ಕಡೆ ಕಣ್ಣೆತ್ತಿಯೂ ನೋಡುವುದಿಲ್ಲ. ನೇರ ಹಿತ್ತಲಿಗೆ ನಡೆದು ಕಟ್ಟಿದ ದನ ನೋಡುತ್ತಾಳೆ. ದನದ ಎಲುಬು ಕಂಡರೆ ಸಂಬಂಧ ಅಲ್ಲಿಗೇ ಮುಗಿಯಿತು. ಬಾಯಿಲ್ಲದ ಜೀವಕ್ಕೆ ಹಾಕದವರು ಸೊಸೆಗೇನು ಹಾಕುತ್ತಾರೆ ಎಂಬುದು ಅವಳ ಲೆಕ್ಕ. ಜಿಂಜಾದ ಶಾಲೆಯ ವಿಷಯ ಕೇಳಿ ಸೆರಗು ಸರಿಮಾಡಿಕೊಂಡು ನನಗೆ ಹೇಳಿದಳು: "ಲೇ ಬಾಳ್ಯಾ, ಕೂಸಿನ್ನ ದಿನಾ ಎಂಟ ತಾಸು ಅವರ ಕೈಯಾಗ ಕೊಡೂದು ಅಂದಮ್ಯಾಲ ಹೆಣ್ಣ ಕೊಟ್ಟಂಗ ಆತು. ಮನಿ ನೋಡಲಾರ್ದ ಹೆಂಗ ಕೊಡ್ತೀಯೋ?"

ಹೀಗಾಗಿ ಒಂದು ಮಧ್ಯಾಹ್ನ ನಾವು ವಿಡಿಯೋ ಕಾಲಿನಲ್ಲಿ ಮನೆ ನೋಡಲು ಹೋದೆವು. ಮುಖ್ಯೋಪಾಧ್ಯಾಯಿನಿಯ ಹೆಸರು ಗ್ರೇಸ್. ತುಂಬು ಮೈಯ, ನಗುಮೊಗದ ಹೆಂಗಸು. ಇಂಗ್ಲಿಷಿನಲ್ಲಿ ಶಾಲೆಯ ಗ್ರಂಥಾಲಯ, ಕಂಪ್ಯೂಟರ್ ಎಂದು ತೋರಿಸತೊಡಗಿದರು. ಅತ್ತೆ ನನ್ನ ಮೊಣಕೈ ಚುಚ್ಚಿ, "ಅದೆಲ್ಲಾ ಇರ್ಲಿ, ಅಡಗೀಮನಿ ತೋರಸಂತ ಹೇಳ" ಎಂದಳು. ಹೇಳಿದೆ. ಅವರು ಫೋನು ಹಿಡಿದು ಅಡುಗೆಮನೆಗೆ ನಡೆದರು. ನೀರಿನ ತೊಟ್ಟಿ ತೋರಿಸಿದರು, ಹುಡುಗಿಯರ ಪಾಯಖಾನೆ ತೋರಿಸಿದರು. ಅತ್ತೆಗೆ ಸಾಲದು. "ಬಾಯಿಲ್ಲದ ಜೀವ ಏನರ ಸಾಕ್ಯಾರೇನು ಕೇಳು." ಇದನ್ನು ಇಂಗ್ಲಿಷಿಗೆ ತರುವುದು ಹೇಗೆಂದು ನಾನು ತಡವರಿಸುತ್ತಿರುವಾಗಲೇ ಒಲೆಯ ಬದಿಯ ಗೋಣಿಚೀಲದ ಮೇಲೆ ಒಂದು ಬೆಕ್ಕು ಕಂಡಿತು. ಎಂಥ ಬೆಕ್ಕು ಅಂತೀರಿ! ಕುತ್ತಿಗೆಯೇ ಇರಲಿಲ್ಲ. ಒಂದು ಕಣ್ಣು ತೆರೆದು ನಮ್ಮನ್ನು ನೋಡಿ, ಇವರಿಂದ ನನಗೇನಾಗಬೇಕು ಎಂಬಂತೆ ಮತ್ತೆ ಮುಚ್ಚಿತು. ಅತ್ತೆ ನನ್ನ ತೊಡೆ ಚಿವುಟಿ ಪಿಸುಗುಟ್ಟಿದಳು. "ಬೆಕ್ಕ ಮೈತುಂಬಿಕೊಂಡೈತಿ. ಮಂದಿ ಒಳ್ಳೇರ ಅದಾರ. ಕೊಡ್ರಿ ಕೂಸಿನ್ನ."

ಗ್ರೇಸ್ ಮೇಡಂ ತಮ್ಮ ಕುರ್ಚಿಗೆ ಮರಳಿ, ಮೂರನೆಯ ತರಗತಿಯಲ್ಲಿ ಒಂದೇ ಸೀಟು ಉಳಿದಿದೆ, ಇನ್ನೊಂದು ಕುಟುಂಬವೂ ಕೇಳುತ್ತಿದೆ, ನಿಮ್ಮ ಮಗಳ ಹೆಸರು ಬರೆದುಕೊಳ್ಳಲೇ ಎಂದರು. ಸುಜಾತಾಳ ಮುಖ ಅರಳಿತ್ತು. ಸ್ವಾತಿ ಮಂಚದ ಮೇಲೆ ಕುಣಿಯುತ್ತಿದ್ದಳು. ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಗಂಟಲು ಸರಿಮಾಡಿಕೊಂಡು, ನಮ್ಮ ಕಡೆಯ ಮರ್ಯಾದಸ್ಥರು ಹೇಳುವ ಮಾತನ್ನೇ ಹೇಳಿದೆ: ಹಿರಿಯರನ್ನು ಕೇಳಿ ತಿಳಿಸುತ್ತೇವೆ. ಗಂಡಿನ ಮನೆ ಎಷ್ಟೇ ಮನಸ್ಸಿಗೆ ಬರಲಿ, ಅಲ್ಲೇ ಹೂಂ ಎನ್ನುವವರು ಯಾರಾದರೂ ಇದ್ದಾರೆಯೇ? ಹಾಗಂದರೆ ನಾವು ಹಗುರಾಗುತ್ತೇವೆ. ಕೇಳುವವರಿಗೂ ಗೊತ್ತಿರುತ್ತದೆ, ಬೇಡವಾಗಿದ್ದರೆ ಇವರು ಜಾತಕದ ನೆಪ ಹೇಳುತ್ತಿದ್ದರು, ತಿಳಿಸುತ್ತೇವೆ ಎಂದರೆ ಮುಕ್ಕಾಲು ಹೂಂ ಎಂದೇ. ಗ್ರೇಸ್ ಮೇಡಂ ಆಗಲಿ ಎಂದು ತಲೆಯಾಡಿಸಿದರು. ಅತ್ತೆ ನನ್ನತ್ತ ಮೆಚ್ಚಿ ನೋಡಿದಳು. "ಎಂಟ ದಿನ ಸುಮ್ನಿರು. ಅವಸರ ಮಾಡಿದ್ರ ನಮಗ ಗರಜು ಐತಿ ಅಂತ ತಿಳೀತಾರ."

ಆ ಎಂಟು ದಿನ ನನ್ನ ಬಾಳಿನಲ್ಲೇ ಅತಿ ಸುಖದ ದಿನಗಳು. ಕಾರ್ಖಾನೆಯಲ್ಲಿ ಗಾಜಿನ ಕಿಂಡಿಯ ಮುಂದೆ ನಿಂತರೆ ಹರಳಿನ ಬದಲು ಜಿಂಜಾದ ಬೆಳಗು ಕಾಣುತ್ತಿತ್ತು. ಮಳೆ ನಿಂತ ಮೇಲಿನ ಕೆಂಪು ಮಣ್ಣಿನ ದಾರಿ, ನನ್ನ ಕಿರುಬೆರಳು ಹಿಡಿದು ನಡೆಯುತ್ತಿರುವ ಸ್ವಾತಿ, ಅವಳ ಬೆನ್ನ ಮೇಲೆ ಅವಳಿಗಿಂತ ದೊಡ್ಡ ದಪ್ತರದ ಚೀಲ. ಶಾಲೆಯ ಗೇಟಿನಲ್ಲಿ ಅವಳು ತಿರುಗಿ ಕೈಬೀಸುತ್ತಿದ್ದಳು. ನಾನು ಅಲ್ಲೇ ನಿಂತಿರುತ್ತಿದ್ದೆ, ಗಂಟೆ ಬಾರಿಸಿದ ಮೇಲೂ. ಸರೋವರದ ಮೇಲಿನಿಂದ ತಣ್ಣಗೆ ಗಾಳಿ ಬರುತ್ತಿತ್ತು. ಒಮ್ಮೆಯಂತೂ ಪಕ್ಕದಲ್ಲಿದ್ದ ಸಹೋದ್ಯೋಗಿಗೆ, "ಶಾಲಿ ಬಿಡೂ ಹೊತ್ತಾತು, ಕರ್ಕೊಂಡ ಬರ್ತೀನಿ" ಎಂದುಬಿಟ್ಟೆ. ಅವನು ನನ್ನ ಹಣೆ ಮುಟ್ಟಿ ನೋಡಿದ.

ಒಂಬತ್ತನೆಯ ದಿನ ಅಂಗಿ ಬದಲಿಸಿಕೊಂಡು, ತಲೆ ಬಾಚಿಕೊಂಡು ಫೋನು ಮಾಡಿದೆ. ಹಿರಿಯರು ಒಪ್ಪಿದ್ದಾರೆ ಎಂದೆ. ಗ್ರೇಸ್ ಮೇಡಂ ಬಹಳ ಮೆತ್ತಗೆ ಹೇಳಿದರು. ನೀವು ತಿಳಿಸುತ್ತೇವೆ ಅಂದಿರಿ, ಆದರೆ ಏನೂ ತಿಳಿಸಲಿಲ್ಲ. ನಿಮಗೆ ಮನಸ್ಸಿಲ್ಲವೆಂದುಕೊಂಡು ಮೂರನೆಯ ದಿನವೇ ಆ ಸೀಟು ಇನ್ನೊಬ್ಬರಿಗೆ ಕೊಟ್ಟುಬಿಟ್ಟೆ. ಕ್ಷಮಿಸಿ.

ಸುಜಾತಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರೊಟ್ಟಿ ಬಡಿಯುತ್ತಲೇ, ತಲೆಯೆತ್ತದೆ, "ಆತು ಬಿಡ್ರಿ, ನಿಮ್ಮ ಅಂಗಿ-ಅರಬಿ ಅಷ್ಟ ಪ್ಯಾಕ್ ಮಾಡ್ತೀನಿ" ಎಂದಳು. ಆ ರೊಟ್ಟಿ ಬಡಿಯುವ ಸದ್ದು ನನ್ನ ಬೆನ್ನ ಮೇಲೆಯೇ ಬೀಳುತ್ತಿದ್ದಂತಿತ್ತು. ಸ್ವಾತಿ ಜಿಂಜಾದ ಮಳೆಗೆಂದು ಕೊಡಿಸಿದ್ದ ತನ್ನ ಹೊಸ ರೇನ್‌ಕೋಟನ್ನು ಮಡಚಿ ಟ್ರಂಕಿನಲ್ಲಿಟ್ಟಳು. ನಾನು ಹಿತ್ತಲಿಗೆ ಹೋಗಿ ಎಮ್ಮೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ನಿಜ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು.

ಮರುದಿನ ನಾನು ಕೆಲಸದಿಂದ ಬಂದಾಗ ಸುಜಾತಾ ಫೋನಿನಲ್ಲಿದ್ದಳು. ಅವಳ ಇಂಗ್ಲಿಷು ಹತ್ತನೆಯ ಇಯತ್ತೆಯದು, ಆದರೆ ಅಂದು ಅದಕ್ಕೆ ಎಂಥ ಧೈರ್ಯ! "ಮೇಡಂ, ನಮಗ ಶಾಲಿ ಬೇಕು. ಭಾಳ ಬೇಕು. ನನ್ನ ಗಂಡ ಒಳ್ಳೇಂವ, ಖರೆ ಶ್ಯಾಣ್ಯಾ ಅಲ್ಲ" ಎಂಬರ್ಥದ ಮಾತನ್ನು ನಾನು ಬಾಗಿಲಲ್ಲೇ ನಿಂತು ಕೇಳಿದೆ. ಆ ಕಡೆ ಗ್ರೇಸ್ ಮೇಡಂ ಗಹಗಹಿಸಿ ನಕ್ಕರು. ಪುಣ್ಯ ನೋಡಿ, ಸೀಟು ಪಡೆದಿದ್ದ ಮಗುವನ್ನು ಪರೀಕ್ಷೆ ಮಾಡಿ ಹಿಂದಿನ ದಿನ ಸಂಜೆಯಷ್ಟೇ ಮೇಲಿನ ತರಗತಿಗೆ ಕಳಿಸಿದ್ದರಂತೆ. ಜಾಗ ಖಾಲಿಯಿತ್ತು. ಬರೆದುಕೊಳ್ಳಲೇ ಎಂದು ಅವರು ಕೇಳಿ ಮುಗಿಸುವ ಮೊದಲೇ ಸುಜಾತಾ ಮೂರು ಸಲ ಹೂಂ ಎಂದಳು. ಹಗುರಾಗಲೂ ಇಲ್ಲ, ಏನೂ ಆಗಲಿಲ್ಲ. ಸ್ವಾತಿ ಫೋನು ಕಸಿದುಕೊಂಡು, ನನ್ನ ಬಾಜೂಕ ಯಾರು ಕೂಡ್ತಾರ ಎಂದು ಕೇಳಿದಳು. ಮನೆ ನೋಡಲು ಹೋದ ನಮ್ಮಲ್ಲಿ ಯಾರಿಗೂ ಇದನ್ನು ಕೇಳಬೇಕೆಂದು ಹೊಳೆದಿರಲಿಲ್ಲ.

ಚಹಾ ಮಾಡಿಕೊಂಡು ಮೂವರೂ ಕುಳಿತೆವು. ಸುಜಾತಾ ಖುಷಿಯಲ್ಲಿ, "ಇನ್ನ ಕಾರ್ಖಾನಿಯವ್ರು ಟಿಕೇಟ ಯಾವಾಗ ಕಳಸ್ತಾರ ಕೇಳ್ರಿ" ಎಂದಳು. ನಾನು ಕಪ್ಪಿನೊಳಗೇ ನೋಡುತ್ತ ಕುಳಿತೆ. ಅವಳು ತನ್ನ ಕಪ್ಪು ಕೆಳಗಿಟ್ಟಳು. "ಯಾಕ್ರಿ? ಬರ್ತೀನಂತ ಬರದೀರಿಲ್ಲೋ?"

"ಬರದೀನಿ... ಹಿರ್ಯಾರ್ನ ಕೇಳಿ ತಿಳಸ್ತೀನಂತ ಬರದೀನಿ. ಎರಡ ಸಲ ಅವರು ನೆನಪ ಮಾಡ್ಯಾರ."

"ಯಾವ ಹಿರ್ಯಾರ್ರೀ?" ಸುಜಾತಾ ಸಿಟ್ಟಿನಿಂದಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದಳು. "ಮಾಂವಾರು ಹೋಗಿ ಆರು ವರ್ಷಾತು. ಯಡೂರ ಅತ್ತಿ ಅವತ್ತ ಹೂಂ ಅಂದಾರ. ಈ ಮನ್ಯಾಗ ಈಗ ಹಿರ್ಯಾರು ಅಂದ್ರ ನೀವ."

ಒಂದು ಕ್ಷಣ ನಾನು ಪಡಸಾಲೆಯನ್ನೆಲ್ಲ ನೋಡಿದೆ, ನನಗಿಂತ ದೊಡ್ಡವರು ಯಾರಾದರೂ ಅಲ್ಲಿ ಕುಳಿತಿದ್ದಾರೇನೋ ಎಂದು. ಯಾರೂ ಇರಲಿಲ್ಲ. ನಡತೆ, ಮರ್ಯಾದೆ ಎಂದೆಲ್ಲ ನಾನು ಹೇಳಿಕೊಂಡು ಬಂದದ್ದು ಬರೀ ನೆವ. ನನಗೆ ಅಂಜಿಕೆಯಾಗಿತ್ತು, ಅಷ್ಟೇ. ನಕಾಶೆಯಲ್ಲಿ ಹೋಗಿಬರುವುದಕ್ಕೆ ಅಂಜಿಕೆಯಿಲ್ಲ, ವಿಮಾನ ಹತ್ತುವುದಕ್ಕೆ ಇತ್ತು. ಇಬ್ಬರೂ ಎರಡು ಬದಿ ನಿಂತು ನೋಡುತ್ತಿರುವಾಗ ಮೊಬೈಲು ತೆಗೆದು, ಬರುತ್ತೇನೆ ಎಂದು ಬರೆದು ಕಳಿಸಿದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: ಸಂತೋಷ, ತಿಂಗಳ ಕೊನೆಗೆ ಹಾಜರಾಗಿ. ಓದಿ ಮೊಬೈಲನ್ನು ಬೋರಲು ಹಾಕಿ, ಕುಡಿಯದ ಚಹಾ ಪಕ್ಕಕ್ಕೆ ಸರಿಸಿದೆ. "ಸುಜಾತಾ, ನನಗ ಯಾಕೋ ಒಂದ ನಮೂನಿ ಆಗಾಕತ್ತೈತಿ" ಎಂದೆ.

ಸ್ವಾತಿ ಹತ್ತಿರ ಬಂದು ನನ್ನ ಬೆನ್ನು ತಟ್ಟಿದಳು. "ಮೊದಲ್ನೇ ದಿನ ಎಲ್ಲಾರಿಗೂ ಹಂಗ ಆಗ್ತೈತಿ ಪಪ್ಪಾ. ಅಳಬ್ಯಾಡ. ಕಾರ್ಖಾನಿ ಗೇಟಿನ ತನಾ ನಾ ಬಿಡಾಕ ಬರ್ತೀನಿ."